ದೊಡ್ಡಕ್ಕ ರಟ್ಟೆ ಬಿಗಿ ಮಾಡಿಸಿಕೊಂಡದ್ದು

ದೊಡ್ಡಕ್ಕನಿಗೆ ಆ ಹೆಸರು ಬಂದದ್ದು ವಯಸ್ಸಿನಿಂದಲ್ಲ, ಗಾತ್ರದಿಂದ. ಲಾಂಡ್ರಿಗೆ ಕೆಲಸಕ್ಕೆ ಸೇರಿದ ಹೊಸತರಲ್ಲಿ ಆಕೆ ಬಾಗಿಲಲ್ಲಿ ನಿಂತರೆ ಒಳಗೆ ದೀಪ ಹಾಕಬೇಕಾಗುತ್ತಿತ್ತು ಎಂದು ಹಳಬರು ಈಗಲೂ ಹೇಳುತ್ತಾರೆ. ಹಳಬರಿಗೆ ಉಪ್ಪುಖಾರ ಹಚ್ಚಿ ಹೇಳುವ ಚಾಳಿ ಇದ್ದೇ ಇದೆ, ಅರ್ಧ ನಂಬಿದರೆ ಸಾಕು. ಆಮೇಲೆ ಯಾವುದೋ ಡಾಕ್ಟರು ಸಕ್ಕರೆ ಕಾಯಿಲೆಯ ಹೆಸರೆತ್ತಿ ಹೆದರಿಸಿದರು. ಯಾರಿಗೂ ಹೆದರದ ದೊಡ್ಡಕ್ಕ ಅದೊಂದು ಸಲ ಹೆದರಿ, ಬೆಳಿಗ್ಗೆ ಸಂಜೆ ನಡೆದೂ ನಡೆದೂ, ತಟ್ಟೆಯಲ್ಲಿದ್ದುದರ ಅರ್ಧವನ್ನು ಗಂಡನ ತಟ್ಟೆಗೆ ಸುರಿದು, ನೋಡನೋಡುತ್ತಿದ್ದಂತೆ ಇಳಿದುಹೋದಳು. ಗಂಡ ಅಷ್ಟೇ ವೇಗದಲ್ಲಿ ಏರಿದರು.

ಹೆಸರು ಮಾತ್ರ ಇಳಿಯಲಿಲ್ಲ. ಚರ್ಮವೂ ಇಳಿಯಲಿಲ್ಲ. ಒಳಗಿದ್ದ ಕೊಬ್ಬು ಗಂಟುಮೂಟೆ ಕಟ್ಟಿಕೊಂಡು ಹೊರಟುಹೋದರೂ ಚರ್ಮ ಮಾತ್ರ, ಹೋದವರು ಎಂದಾದರೂ ತಿರುಗಿ ಬಂದಾರೆಂದು ಕಾದು ಕೂತಿತು. ಹೊಟ್ಟೆಯದನ್ನು ಅಂಗಿ ಮುಚ್ಚುತ್ತಿತ್ತು. ರಟ್ಟೆಯ ಕೆಳಗೆ ಜೋತುಬಿದ್ದದ್ದು ಮಾತ್ರ ಯಾವ ಮುಲಾಜೂ ಇಲ್ಲದೆ, ಕೈ ಎತ್ತಿದರೆ ಆಚೆ, ಇಳಿಸಿದರೆ ಈಚೆ ಆಡುತ್ತಿತ್ತು. ದೊಡ್ಡಕ್ಕ ಅದನ್ನು ಹೆಸರಿಟ್ಟು ಕರೆಯುತ್ತಿರಲಿಲ್ಲ. ಹೇಳಲೇಬೇಕಾದಾಗ ‘ಅದು’ ಎನ್ನುತ್ತಿದ್ದಳು, ಅದೂ ಮುಖ ಸಿಂಡರಿಸಿಕೊಂಡು.

ಲಾಂಡ್ರಿ ಎಂದರೆ ಬೀದಿ ಮೂಲೆಯ ಪುಟ್ಟ ಅಂಗಡಿಯಲ್ಲ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಟವಲು, ಕ್ಷೌರದಂಗಡಿಗಳ ಪುಟ್ಟ ವಸ್ತ್ರ, ಎಲ್ಲವೂ ಬೆಟ್ಟದಷ್ಟು ಬಂದು ಬೀಳುವ ಕಾರ್ಖಾನೆ. ಒಗೆಯುವ ಯಂತ್ರಗಳು ಸಾಲಾಗಿ ನಿಂತು ಬೆಳಗಿನಿಂದ ಸಂಜೆಯವರೆಗೆ ಗುಡುಗುಡು ಎನ್ನುತ್ತವೆ. ಅಲ್ಲಿ ದುಡಿದವರ ಕಿವಿ ಸ್ವಲ್ಪ ಮಂದವಾಗುವುದು ಸಹಜ. ಆದ್ದರಿಂದ ಅವರು ಕಣ್ಣಿನಿಂದಲೇ ಕೇಳಿಸಿಕೊಳ್ಳುವುದನ್ನು ಕಲಿತುಬಿಟ್ಟಿದ್ದರು. ಮೇಲ್ವಿಚಾರಕಿಯಾದ ದೊಡ್ಡಕ್ಕ ದೂರದಲ್ಲಿ ನಿಂತು ಕೈ ಬೀಸಿದರೆ ನೀರು ಬಿಡುವವನು ನೀರು ಬಿಡುತ್ತಾನೆ, ಗಾಡಿ ತಳ್ಳುವವಳು ಗಾಡಿ ತಳ್ಳುತ್ತಾಳೆ. ಬಾಯಿ ಬಿಟ್ಟು ಕೂಗಿದರೆ ಎಲ್ಲರೂ “ಹಾಂ?” ಎನ್ನುತ್ತಾರೆ.

ಇಂಥವರು ಸೇರಿ ಒಂದು ಗಾಯನ ತಂಡ ಕಟ್ಟಿದ್ದು ಊರಿಗೆಲ್ಲ ನಗೆಯ ಸಂಗತಿಯಾಗಿತ್ತು. ಒಮ್ಮೆ ಕರೆಂಟು ಹೋಗಿ ಯಂತ್ರಗಳೆಲ್ಲ ಬಾಯಿ ಮುಚ್ಚಿದಾಗ ಇಸ್ತ್ರಿ ಮಾವ ತಮ್ಮ ಪಾಡಿಗೆ ತಾವು ಗುನುಗುತ್ತಿದ್ದರು. ಎಲ್ಲರಿಗಿಂತ ಹಿರಿಯರಾದ ಅವರದು ನೆಲಮಾಳಿಗೆಯಿಂದ ಬಂದಂಥ ದನಿ. ಬಟ್ಟೆ ಸಾಗಿಸುವ ವ್ಯಾನಿನವನು ಅದಕ್ಕೆ ಮೇಲಿನ ದನಿ ಸೇರಿಸಿದ. ಬಟ್ಟೆ ಮಡಿಸುವ ಅತ್ತಿಗೆ ನಾದಿನಿ, ಒಬ್ಬರ ಮುಖ ಒಬ್ಬರು ನೋಡದವರು, ಇಬ್ಬರೂ ಒಟ್ಟಿಗೇ ಬಾಯಿ ತೆರೆದರು. ದೊಡ್ಡಕ್ಕ ಅಭ್ಯಾಸಬಲದಿಂದ ಕೈ ಎತ್ತಿದಳು. ಅಂದಿನಿಂದ ಕೆಲಸ ಮುಗಿದ ಮೇಲೆ ಇಸ್ತ್ರಿ ಕೋಣೆಯಲ್ಲಿ ಅಭ್ಯಾಸ ಶುರುವಾಯಿತು. ಆ ಕೋಣೆಯಲ್ಲಿ ಹಬೆ, ಸೆಕೆ, ಬೆವರು. ಎಲ್ಲರೂ ತೋಳಿಲ್ಲದ ಒಳಂಗಿಯಲ್ಲೇ ನಿಲ್ಲುತ್ತಿದ್ದರು, ದೊಡ್ಡಕ್ಕನೂ ಅಷ್ಟೆ. ನಮ್ಮವರೆದುರು ಎಂಥ ನಾಚಿಕೆ ಎಂದು ಆಕೆ ಕೈ ಬೀಸಿ ಹಾಡಿಸುತ್ತಿದ್ದಳು. ಅಲ್ಲಿ ಅವರು ಹಾಡುತ್ತಿದ್ದ ರೀತಿ ಹೇಳಬೇಕೆಂದರೆ, ಬೀದಿಯಲ್ಲಿ ಹೋಗುವವರು ನಿಂತು ಕೇಳುತ್ತಿದ್ದರು. ಒಂದು ಸಲ ಎದುರಿನ ಬ್ಯಾಂಕಿನ ಕಾವಲುಗಾರ ಬ್ಯಾಂಕನ್ನು ಅದರ ಪಾಡಿಗೆ ಬಿಟ್ಟು ಬಂದು ಕಿಟಕಿಯಲ್ಲಿ ಗಲ್ಲ ಊರಿದ್ದ.

ವೇದಿಕೆಯಲ್ಲಿ ಮಾತ್ರ ಪ್ರತಿ ವರ್ಷವೂ ಮುಖಭಂಗ. ನೌಕರರ ವಾರ್ಷಿಕ ಸ್ಪರ್ಧೆಗೆ ದೊಡ್ಡಕ್ಕ ಮಣಿಕಟ್ಟಿನವರೆಗೆ ತೋಳಿರುವ ಕಪ್ಪು ಅಂಗಿ ತೊಟ್ಟು ಬರುತ್ತಿದ್ದಳು, ‘ಅದು’ ಸಭಿಕರ ಕಣ್ಣಿಗೆ ಬೀಳದಿರಲಿ ಎಂದು. ಹಾಡು ಶುರುವಾಗುತ್ತಿತ್ತು, ಎರಡನೆಯ ಚರಣ ಮುಗಿದು ಉಸಿರು ತೆಗೆದುಕೊಳ್ಳಬೇಕಾದ ಕಡೆ ಒಬ್ಬ ನಿಲ್ಲುತ್ತಿದ್ದ, ಇನ್ನೊಬ್ಬ ಓಡುತ್ತಿದ್ದ, ಅತ್ತಿಗೆ ಒಂದು ದಾರಿ, ನಾದಿನಿ ಒಂದು ದಾರಿ. ಬಸ್ ಡಿಪೋದವರು ಬಂದು ಸಲೀಸಾಗಿ ಬಹುಮಾನ ಎತ್ತಿಕೊಂಡು ಹೋಗುತ್ತಿದ್ದರು. ಕಳೆದ ಸಲ ಅದೇ ಗತಿಯಾದಾಗ ದೊಡ್ಡಕ್ಕ ವ್ಯಾನಿನಲ್ಲಿ ಎಲ್ಲರೆದುರು ಹೇಳಿಬಿಟ್ಟಳು: “ಬರೋ ವರ್ಷಾನೂ ಹೀಗೇ ಮುಗ್ಗರಿಸಿದ್ರೆ ನಾನು ಇನ್ನು ಕೈ ಎತ್ತಲ್ಲ. ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ.”

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು ತಪ್ಪುವ ಹೆಂಗಸಲ್ಲ ಆಕೆ. ಇಡೀ ದಿನ ಊರವರ ಕೊಳೆ ವಿಂಗಡಿಸುವ ಕೆಲಸದಲ್ಲಿ ಆ ಸಂಜೆಯ ಹಾಡೊಂದೇ ಅವಳದಾಗಿತ್ತು. ಅದೂ ಹೋದರೆ ಮನೆಗೆ ಹೋಗಿ ಟಿವಿ ಮುಂದೆ ಕೂರಬೇಕು, ಗಂಡನ ಜೊತೆ.

ಆ ಸ್ಪರ್ಧೆಯ ವಿಡಿಯೋ ಯಾರೋ ಮೊಬೈಲಿಗೆ ಕಳಿಸಿದ್ದರು. ನೋಡಿದಳು. ಕಪ್ಪು ಅಂಗಿಯೊಳಗೆ ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ರೆಕ್ಕೆ ಕಟ್ಟಿದ ಕೋಳಿಯಂತೆ ನಿಂತಿದ್ದಳು. ಇದೇ ಕಾರಣ ಎಂದು ಅವಳಿಗೆ ಥಟ್ಟನೆ ಹೊಳೆಯಿತು. ಅಂಗಿಯಿಂದಾಗಿ ಕೈ ಬಿಚ್ಚುತ್ತಿಲ್ಲ, ‘ಅದರಿಂದಾಗಿ’ ಅಂಗಿ. ಅಂದಮೇಲೆ ‘ಅದು’ ಹೋಗಬೇಕು.

“ರೀ, ನಾನು ತೋಳಿನ ಆಪರೇಷನ್ ಮಾಡಿಸ್ಕೋತೀನಿ,” ಎಂದಳು ಊಟದ ಹೊತ್ತಿಗೆ.

ಗಂಡ ಜೀವಮಾನವಿಡೀ ಡ್ರೈವಿಂಗ್ ಶಾಲೆಯಲ್ಲಿ ಕಲಿಸಿದವರು. ಗಾಬರಿಯಾದರೆ ಬಲಗಾಲು ತಾನಾಗಿ ನೆಲವನ್ನು ಒತ್ತಿ ಬ್ರೇಕು ಹುಡುಕುತ್ತಿತ್ತು. ಈಗಲೂ ಮೇಜಿನ ಕೆಳಗೆ ಟಪ್ ಎಂದಿತು.

“ಯಾಕೇ? ನೋವಿದ್ಯಾ?”

“ನೋವಿಲ್ಲ. ಜೋತಾಡುತ್ತೆ.”

“ಜೋತಾಡೋದಕ್ಕೆಲ್ಲ ಕತ್ತರಿ ಹಾಕ್ತಾ ಹೋದ್ರೆ ಈ ವಯಸ್ಸಲ್ಲಿ ನನ್ನಲ್ಲಿ ಉಳಿಯೋದೇನು?”

“ನಿಮ್ಮನ್ನ ಯಾರೂ ವೇದಿಕೆ ಮೇಲೆ ನಿಲ್ಲಿಸ್ತಿಲ್ಲ.”

ಆ ವಾದ ಅಲ್ಲಿಗೇ ಮುಗಿಯಿತು.

ಸರ್ಜನ್ ಚಿಕ್ಕ ವಯಸ್ಸಿನ ಹೆಣ್ಣುಮಗಳು. ಸುತ್ತಿ ಬಳಸಿ ಮಾತಾಡುವವಳಲ್ಲ. ದೊಡ್ಡಕ್ಕನ ತೋಳನ್ನು ಅಗಲಿಸಿ ಹಿಡಿಸಿ, ಜೋತದ್ದನ್ನು ಬೆರಳಲ್ಲಿ ಹಿಡಿದು ನೋಡಿ, ನೀಲಿ ಪೆನ್ನಿನಿಂದ ಕಂಕುಳಿನಿಂದ ಮೊಣಕೈವರೆಗೆ ಗೆರೆ ಎಳೆದಳು.

“ಆಂಟಿ, ಇಲ್ಲಿಂದ ಇಲ್ಲೀವರೆಗೆ ಹೆಚ್ಚಾಗಿರೋ ಚರ್ಮ ತೆಗೆದು ಹೊಲೀತೀನಿ. ಗೆರೆ ಒಳಭಾಗದಲ್ಲಿರುತ್ತೆ. ಬರ್ತಾ ಬರ್ತಾ ತಿಳಿಯಾಗುತ್ತೆ, ಆದ್ರೆ ಪೂರ್ತಿ ಅಳಿಸಿಹೋಗಲ್ಲ. ಜೋತಾಡೋದು ಹೋಗಿ ಗೆರೆ ಬರುತ್ತೆ. ಒಪ್ಪಿಗೇನಾ?”

“ಗೆರೆ ಅಲ್ಲಾಡುತ್ತಾ?”

“ಇಲ್ಲ.”

“ಒಪ್ಪಿಗೆ.”

“ಕೆಲವು ವಾರ ಕೈನ ಭುಜಕ್ಕಿಂತ ಮೇಲೆ ಎತ್ತೋ ಹಾಗಿಲ್ಲ. ಭಾರ ಹೊರೋ ಹಾಗಂತೂ ಇಲ್ಲವೇ ಇಲ್ಲ.”

ಇಲ್ಲಿ ಮಾತ್ರ ದೊಡ್ಡಕ್ಕ ಒಂದು ಕ್ಷಣ ಯೋಚಿಸಿದಳು. ಸ್ಪರ್ಧೆಗೆ ಇನ್ನೂ ಬೇಕಾದಷ್ಟು ಕಾಲವಿತ್ತು. ತಲೆ ಆಡಿಸಿದಳು.

ಆಪರೇಷನ್ ಸುಸೂತ್ರವಾಗಿ ಮುಗಿಯಿತು. ಮನೆಗೆ ಬಂದಾಗ ಎರಡು ರಟ್ಟೆಗೂ ಬಿಗಿಯಾದ ಎಲಾಸ್ಟಿಕ್ ಕವಚ, ಒಳಗೆ ಬಾವು, ನೋವು, ಗುಂಯ್ ಎನ್ನುವ ಜೋಮು. ತಲೆ ಬಾಚಿಕೊಳ್ಳಲಾಗದು, ಮೇಲಿನ ಕಪಾಟು ತೆಗೆಯಲಾಗದು. ಗಂಡ ಬಾಚಣಿಗೆ ಹಿಡಿದು ನಿಂತರು. ಮೊದಲ ದಿನ ಬೈತಲೆ ಹಣೆಯಿಂದ ಹೊರಟು ಎಡಗಿವಿಯ ಹತ್ತಿರ ಇಳಿಯಿತು.

“ಇಂಡಿಕೇಟರ್ ಹಾಕದೆ ತಿರುಗಿಸಿದ್ರಲ್ರೀ,” ಎಂದಳು ಕನ್ನಡಿ ನೋಡಿಕೊಂಡು. ಬರಬರುತ್ತಾ ಅವರ ಕೈ ಪಳಗಿತು. ಆಕೆಗೂ, ಯಾರಾದರೂ ತಲೆ ಬಾಚಿದರೆ ಎಷ್ಟು ಹಿತವಾಗಿರುತ್ತದೆ ಎಂಬುದು ಮರೆತೇಹೋಗಿತ್ತು. ವಾಸಿಯಾದ ಮೇಲೂ ಸ್ವಲ್ಪ ದಿನ ನೋವಿನ ನೆಪ ಹೇಳಿದಳು.

ಲಾಂಡ್ರಿಗೆ ಹೋಗತೊಡಗಿದ ಹೊಸತರಲ್ಲಿ ಕೈ ಬೀಸುವಂತಿರಲಿಲ್ಲ. ಗಲ್ಲದಲ್ಲಿ ಸನ್ನೆ ಮಾಡಿ ನೋಡಿದಳು. ಟವಲುಗಳೆಲ್ಲ ಆಸ್ಪತ್ರೆಯ ಗಾಡಿಗೆ ಹೋದವು. ಯಾವುದೋ ಆಸ್ಪತ್ರೆಯ ರೋಗಿಗಳು ಅಂದು ಹೋಟೆಲಿನ ದಪ್ಪ ಟವಲಿನಲ್ಲಿ ಮೈ ಒರೆಸಿಕೊಂಡು ಖುಷಿಪಟ್ಟಿರಬೇಕು.

ಕೊನೆಗೊಂದು ಸಂಜೆ ಸರ್ಜನ್ ಅಪ್ಪಣೆ ಕೊಟ್ಟ ಮೇಲೆ, ದೊಡ್ಡಕ್ಕ ತೋಳಿಲ್ಲದ ಹೊಸ ಹಳದಿ ಅಂಗಿ ತೊಟ್ಟು ಇಸ್ತ್ರಿ ಕೋಣೆಗೆ ಬಂದಳು. ರಟ್ಟೆಗಳು ನೀಟಾಗಿ, ಸೋರೆಕಾಯಿಯ ಹಾಗೆ ನುಣ್ಣಗಿದ್ದವು. ಒಳಗಡೆ ಕೆಂಪು ಗೆರೆ. ಎಲ್ಲರೂ ಸುತ್ತ ನೆರೆದು ಹೊಗಳಿದ್ದೇ ಹೊಗಳಿದ್ದು. ಅತ್ತಿಗೆ ನಾದಿನಿ ಕೂಡ ಒಂದೇ ಅಭಿಪ್ರಾಯಕ್ಕೆ ಬಂದರು. ದೊಡ್ಡಕ್ಕನ ಮನಸ್ಸು ಹತ್ತಿಯಷ್ಟು ಹಗುರವಾಯಿತು. ಕೈ ಎತ್ತಿದಳು, ಬೀಸಿದಳು.

ಯಾರೂ ಶುರು ಮಾಡಲಿಲ್ಲ.

ಮತ್ತೆ ಬೀಸಿದಳು. ವ್ಯಾನಿನವನು ಒಬ್ಬನೇ ಹೊರಟ, ಹಿಂದೆ ಯಾರೂ ಇಲ್ಲದ್ದು ನೋಡಿ ನಿಂತ. ಮೂರನೆಯ ಸಲ ಎಲ್ಲರೂ ಹೊರಟರು, ಆದರೆ ಉಸಿರು ಎಳೆದುಕೊಳ್ಳುವ ಜಾಗ ಬಂದರೂ ಯಾರೂ ನಿಲ್ಲಲಿಲ್ಲ. ಹಾಡು ಇಳಿಜಾರಿನ ಬಂಡಿಯಂತೆ ಓಡಿತು. ಇಸ್ತ್ರಿ ಮಾವನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿ, ಅವರು ಮೇಜು ಹಿಡಿದುಕೊಂಡು ಕೂತರು. ನಾಳೆ ಸರಿಯಾಗುತ್ತದೆ ಎಂದು ಎಲ್ಲರೂ ಅಂದುಕೊಂಡರು. ನಾಳೆ ಇನ್ನೂ ಕೆಟ್ಟಿತು. ಇಸ್ತ್ರಿ ಕೋಣೆಯಲ್ಲಿ ಎಂದೂ ತಪ್ಪದವರು ಈಗ ಅಲ್ಲಿಯೂ ವೇದಿಕೆಯ ಮೇಲಿನ ಹಾಗೆ ಒದ್ದಾಡತೊಡಗಿದರು. ಸ್ಪರ್ಧೆ ಹತ್ತಿರವಾಗುತ್ತಿತ್ತು. ದೊಡ್ಡಕ್ಕನಿಗೆ ರಾತ್ರಿ ನಿದ್ದೆ ಹತ್ತದು.

ಒಂದು ಸಂಜೆ ಆಕೆಗೆ ರೇಗಿತು. “ಏನಾಗಿದೆ ನಿಮಗೆಲ್ಲ? ನನ್ನ ಕೈಗೇನು ಬಂದಿದೆ? ಯಾರಾದ್ರೂ ಬಾಯಿ ಬಿಡ್ತೀರೋ ಇಲ್ವೋ?”

ಎಲ್ಲರೂ ನೆಲ ನೋಡಿದರು. ಕೊನೆಗೆ ಇಸ್ತ್ರಿ ಮಾವ ಗಂಟಲು ಸರಿಮಾಡಿಕೊಂಡರು.

“ಅಕ್ಕಾ, ಒಂದು ಮಾತು. ಬೇಜಾರು ಮಾಡ್ಕೋಬಾರ್ದು.”

“ಮಾಡ್ಕೊಳ್ಳೋದು ಬಿಡೋದು ಆಮೇಲೆ. ಮೊದ್ಲು ಹೇಳಿ, ಮಾವ.”

“ನಾನು… ನಿಮ್ಮ ಕೈ ನೋಡಿ ಹಾಡ್ತಿರ್ಲಿಲ್ಲ.”

“ಮತ್ತೆ? ಗೋಡೆ ನೋಡಿ ಹಾಡ್ತಿದ್ರಾ?”

“ಅದರ ಕೆಳಗೆ… ಇತ್ತಲ್ಲ ಅಕ್ಕಾ… ಅದು.” ಮಾವನ ಕಿವಿ ಕೆಂಪಾಯಿತು. “ನಿಮ್ಮ ಬೆರಳು ಬಹಳ ಕುಣಿಯುತ್ತೆ. ಯಾವುದು ತಾಳ, ಯಾವುದು ಸೊಗಸು ಅಂತ ನನ್ನಂಥೋನಿಗೆ ತಿಳಿಯಲ್ಲ. ಅದು ಹಾಗಲ್ಲ. ಒಂದು ಸಲ ಆಚೆ ಹೋಗಿ, ಈಚೆ ಬಂದು, ನಿಲ್ತಿತ್ತು. ನಿಂತಾಗ ನಾನು ಉಸಿರು ತಗೋತಿದ್ದೆ. ತಪ್ಪಾಯ್ತು ಅಕ್ಕಾ. ನಾನೊಬ್ಬನೇ ಹೀಗೆ ನೋಡ್ತೀನಲ್ಲ ಅಂತ ನನಗೇ ನಾಚಿಕೆ. ಅದಕ್ಕೇ ಹೇಳ್ಲಿಲ್ಲ.”

“ಅಯ್ಯೋ ಮಾವ, ನೀವೂನಾ?” ಎಂದ ವ್ಯಾನಿನವನು, ಬಾಯಿ ತಪ್ಪಿ.

ಆಮೇಲೆ ತಡೆಯುವವರಿರಲಿಲ್ಲ. ನಾದಿನಿ “ನಾನೂ” ಎಂದಳು. ಅತ್ತಿಗೆ “ನಾನು ಎಡಗಡೇದು” ಎಂದಳು. ಹಿಂದಿನ ಸಾಲಿನವರೆಲ್ಲ ತಲೆ ತುರಿಸಿಕೊಂಡರು. ಇಷ್ಟು ವರ್ಷ ಇಡೀ ತಂಡ ದೊಡ್ಡಕ್ಕನ ರಟ್ಟೆಯ ಕೆಳಗಿನಿಂದಲೇ ತಾಳ ಹಿಡಿದಿತ್ತು, ಪ್ರತಿಯೊಬ್ಬರೂ ಆ ಕಳ್ಳತನ ತಮ್ಮೊಬ್ಬರದೇ ಎಂದುಕೊಂಡಿದ್ದರು. ವೇದಿಕೆಯ ಮೇಲೆ ಕಪ್ಪು ಅಂಗಿ ಅದನ್ನು ಮುಚ್ಚಿದಾಗ ಎಡವಿದರೂ, ತಪ್ಪು ತನ್ನದೇ ಎಂದು ಪ್ರತಿಯೊಬ್ಬರೂ ಬಾಯಿಗೆ ಬೀಗ ಹಾಕಿಕೊಂಡಿದ್ದರು.

ದೊಡ್ಡಕ್ಕ ಚೀಲ ಎತ್ತಿಕೊಂಡು ಹೊರಟಳು. ಯಾರಿಗೂ ತಡೆಯುವ ಧೈರ್ಯ ಬರಲಿಲ್ಲ.

ಮನೆಯಲ್ಲಿ ಸೋಫಾದ ತುದಿಯಲ್ಲಿ ಕೂತು ಅತ್ತಳು. ನಾಚಿಕೆಗೆ ಅತ್ತಳು, ಕೋಪಕ್ಕೆ ಅತ್ತಳು. ಅಭ್ಯಾಸದ ಸಂಜೆಗಳಲ್ಲಿ ಗಂಡ ಆಕೆಯನ್ನು ಕರೆದೊಯ್ಯಲು ಬಂದು ಇಸ್ತ್ರಿ ಕೋಣೆಯ ಮೂಲೆಯಲ್ಲಿ ಕೂರುತ್ತಿದ್ದದ್ದು ನೆನಪಾಗಿ, ಕಣ್ಣೊರೆಸಿಕೊಂಡು ಅವರ ಮೇಲೆ ತಿರುಗಿದಳು.

“ನಿಮಗೆ ಗೊತ್ತಿತ್ತಾ?”

“ಅದು ಆಡೋದು ಗೊತ್ತಿತ್ತು ಕಣೇ. ಅದು ಹಾಡಿಸುತ್ತೆ ಅಂತ ಗೊತ್ತಿರ್ಲಿಲ್ಲ.”

“ಎಲ್ರೂ ಅದನ್ನೇ ನೋಡ್ತಿದ್ರು ರೀ. ಅಷ್ಟು ವರ್ಷ! ನಮ್ಮವರು ಅಂತ ನಾನು ಹಾಯಾಗಿ ನಿಂತಿದ್ದೆ.”

ಗಂಡ ಪಕ್ಕದಲ್ಲಿ ಬಂದು ಕೂತರು. “ಈಗೇನು, ಅದು ವಾಪಸ್ ಬೇಕಾ?” ಎಂದರು.

ಆಕೆ ಎದ್ದು ಕನ್ನಡಿಯ ಮುಂದೆ ಹೋಗಿ ಎರಡೂ ಕೈ ಎತ್ತಿದಳು. ಏನೂ ಆಡಲಿಲ್ಲ. ಆ ರಟ್ಟೆಗಳನ್ನು ಕಂಡು ಅಳುವಿನ ನಡುವೆಯೂ ಅವಳಿಗೆ ಹೆಮ್ಮೆಯಾಯಿತು. “ಸತ್ರೂ ಬೇಡ,” ಎಂದಳು. ಅಂದ ಮೇಲೆ ತಂಡವನ್ನು ಬಿಡುವುದೊಂದೇ ದಾರಿ ಎಂದುಕೊಂಡು ಮಲಗಿದಳು.

ಮರುದಿನ ಮಧ್ಯಾಹ್ನ ಕ್ಷೌರದಂಗಡಿಗಳ ವಸ್ತ್ರ ವಿಂಗಡಿಸುತ್ತಿದ್ದಾಗ ಒಂದು ಒದ್ದೆ ತುಂಡು ಆಕೆಯ ಬೆರಳಿಂದ ಜೋತಿತು. ಆಚೆ ಹೋಯಿತು, ಈಚೆ ಬಂತು, ನಿಂತಿತು. ದೊಡ್ಡಕ್ಕ ಅದನ್ನು ದುರುಗುಟ್ಟಿ ನೋಡಿದಳು. ಇನ್ನೊಮ್ಮೆ ಆಡಿಸಿದಳು. ಆಮೇಲೆ ಸಿಟ್ಟಿನಿಂದ ಗಾಡಿಗೆ ಎಸೆದಳು. ಅರ್ಧ ಗಂಟೆ ಕಳೆದ ಮೇಲೆ ಹೋಗಿ ಗಾಡಿಯಲ್ಲಿ ಅದನ್ನೇ ಹುಡುಕತೊಡಗಿದಳು.

ಸಂಜೆ ಇಸ್ತ್ರಿ ಕೋಣೆಯಲ್ಲಿ ಎಲ್ಲರೂ ಅಪರಾಧಿಗಳಂತೆ ನಿಂತಿದ್ದಾಗ ಆಕೆ ಒಳಗೆ ಬಂದು, ಪಿನ್ನು ಕೇಳಿದಳು. ರಟ್ಟೆಗೊಂದು ಪಟ್ಟಿ ಕಟ್ಟಿ, ಅಂಗಿಯ ಕಂಕುಳಿನ ಅಂಚಿನಿಂದ ಆ ಪಟ್ಟಿಯವರೆಗೆ ಬಟ್ಟೆ ಇಳಿಬಿಟ್ಟು ನೋಡುವುದು ಅವಳ ಲೆಕ್ಕಾಚಾರ. ಆ ಕೋಣೆಯಲ್ಲಿ ಬಟ್ಟೆಗೆ ಬರವೇ? ಕೈವಸ್ತ್ರ ಹಾಕಿದರು, ಅದು ಪಟಪಟ ಎಂದು ಹಾರಾಡಿ ಹಾಡು ಕುದುರೆಯೋಟ ಹಿಡಿಯಿತು. ದಿಂಬಿನ ಚೀಲ ಹಾಕಿದರು, ತಾಳ ಎಷ್ಟು ನಿಧಾನವಾಯಿತೆಂದರೆ ಸಾವಿನ ಮನೆಯಲ್ಲಿ ಹಾಡಿದಂತಾಯಿತು. ವ್ಯಾನಿನವನು ಕಾಲೊರಸು ತಂದ, ಬೈಸಿಕೊಂಡ. ಕೊನೆಗೆ ಕ್ಷೌರದಂಗಡಿಯ ಪುಟ್ಟ ವಸ್ತ್ರವನ್ನು ನೆನೆಸಿ, ಹಿಂಡಿ, ಪಿನ್ನು ಹಾಕಿದರು. ದೊಡ್ಡಕ್ಕ ಕೈ ಎತ್ತಿದಳು. ವಸ್ತ್ರ ಆಚೆ ಹೋಯಿತು, ಈಚೆ ಬಂತು, ನಿಂತಿತು. ಇಡೀ ಕೋಣೆ ಒಟ್ಟಿಗೇ ಉಸಿರು ಎಳೆದುಕೊಂಡಿತು. ಹಾಡು ಮುಗಿದಾಗ ಇಸ್ತ್ರಿ ಮಾವ ಮುಖ ತಿರುಗಿಸಿ ಕಣ್ಣಿಗೆ ಹಬೆ ಹೊಕ್ಕಿತೆಂದರು. ಇಸ್ತ್ರಿ ಪೆಟ್ಟಿಗೆ ಆರಿ ಬಹಳ ಹೊತ್ತಾಗಿತ್ತು.

ಆದರೆ ಇಸ್ತ್ರಿ ಕೋಣೆ ಬೇರೆ, ವೇದಿಕೆ ಬೇರೆ. ಜೋತಾಡುವುದನ್ನು ತೆಗೆಸಲೆಂದು ಅಷ್ಟು ನೋವು ತಿಂದವಳು, ತುಂಬಿದ ಸಭೆಯೆದುರು ತಾನಾಗಿಯೇ ಒಂದನ್ನು ಜೋತುಹಾಕಿಕೊಂಡು ನಿಲ್ಲಬೇಕು. ಸ್ಪರ್ಧೆಯ ದಿನ ಬೆಳಿಗ್ಗೆ ದೊಡ್ಡಕ್ಕ ಕಪ್ಪು ಅಂಗಿಯನ್ನೂ ಹಳದಿ ಅಂಗಿಯನ್ನೂ ಹಾಸಿಗೆಯ ಮೇಲೆ ಹಾಸಿ ಕೂತಳು. ಗಂಡ ಬಾಗಿಲಲ್ಲಿ ನಿಂತು ನೋಡಿದರು. ಬಲಗಾಲು ಮೆಲ್ಲಗೆ ಆಕ್ಸಿಲರೇಟರ್ ಒತ್ತುತ್ತಿತ್ತು.

ಹಳದಿ ಅಂಗಿ ತೊಟ್ಟಳು.

ಪರದೆಯ ಪಕ್ಕದಲ್ಲಿ ನಾದಿನಿ ಬಲಗಡೆ, ಅತ್ತಿಗೆ ಎಡಗಡೆ ಒದ್ದೆ ವಸ್ತ್ರಗಳಿಗೆ ಪಿನ್ನು ಚುಚ್ಚಿದರು. ಬ್ಯಾಡ್ಜು ಧರಿಸಿದ ಸಂಘಟಕಿಯೊಬ್ಬರು ಓಡಿ ಬಂದರು. “ಮೇಡಂ, ನಿಲ್ಲಿ ನಿಲ್ಲಿ, ನಿಮ್ಮ ತೋಳಿಗೆ ಏನೋ ಬಟ್ಟೆ ಸಿಕ್ಕಿಕೊಂಡಿದೆ,” ಎಂದು ಎಳೆಯಲು ಕೈ ಚಾಚಿದರು.

“ಅದನ್ನ ಮುಟ್ಟಬೇಡೀಮ್ಮಾ,” ಎಂದಳು ದೊಡ್ಡಕ್ಕ. “ಅದು ನಮ್ಮ ತಂಡದ್ದೇ.”

ವೇದಿಕೆಗೆ ನಡೆದಳು. ದೀಪದ ಬೆಳಕಿನಲ್ಲಿ ಬರಿಯ ತೋಳು, ಕೆಂಪು ಗೆರೆ, ಅದರ ಕೆಳಗೆ ಒದ್ದೆ ವಸ್ತ್ರ, ಒಂದೂ ಬಿಡದೆ ಎಲ್ಲವೂ ಕಾಣುತ್ತಿದ್ದವು. ಮುಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅದು ಹಿಂದಿನ ಸಾಲಿಗೆ ಹರಡಿತು. ಡಿಪೋದವರ ಕಡೆಯಿಂದ ನಗು ಜೋರಾಗಿಯೇ ಬಂತು. ಇಷ್ಟು ವರ್ಷ ಯಾವ ನಗುವಿಗೆ ಹೆದರಿ ಆಕೆ ಕಪ್ಪು ಅಂಗಿಯೊಳಗೆ ಅಡಗಿದ್ದಳೋ ಅದೇ ನಗು ಈಗ ಬೆನ್ನಿಗೆ ಬಂದು ಬಡಿಯಿತು. ದೊಡ್ಡಕ್ಕ ತಲೆ ಎತ್ತಿ ತನ್ನವರ ಕಡೆ ನೋಡಿದಳು.

ಅಲ್ಲಿ ಒಬ್ಬರ ಮುಖದಲ್ಲೂ ನಗುವಿರಲಿಲ್ಲ. ಸಭೆ ನಗುತ್ತಿರುವುದು ಅವರ ಮಂದ ಕಿವಿಗೆ ಬಿದ್ದಂತೆಯೂ ಕಾಣಲಿಲ್ಲ. ಇಸ್ತ್ರಿ ಮಾವ, ವ್ಯಾನಿನವನು, ಅತ್ತಿಗೆ, ನಾದಿನಿ, ಹಿಂದಿನ ಸಾಲಿನವರು, ಎಲ್ಲರೂ ಆಕೆಯ ರಟ್ಟೆಯ ಕೆಳಗೇ ಕಣ್ಣು ನೆಟ್ಟು, ರಸ್ತೆ ದಾಟಿಸುವವರ ಕೈ ಹಿಡಿದ ಮಕ್ಕಳ ಹಾಗೆ ನಂಬಿಕೆಯಿಂದ ಕಾಯುತ್ತಿದ್ದರು. ಇವರು ಅಂದೂ ಹೀಗೆಯೇ ನೋಡುತ್ತಿದ್ದರು ಎಂಬುದು ಆಕೆಗೆ ಆಗ ತಿಳಿಯಿತು. ತಾನು ಅಸಹ್ಯಪಟ್ಟು ಹೆಸರೂ ಇಡದೆ ಬಿಟ್ಟದ್ದನ್ನು ಇವರು ಒಂದು ದಿನವೂ ಅಸಹ್ಯದಿಂದ ನೋಡಿರಲಿಲ್ಲ. ದೊಡ್ಡಕ್ಕನಿಗೆ ಅವರ ಮೇಲೆ ಎಂಥ ಪ್ರೀತಿ ಉಕ್ಕಿತೆಂದರೆ, ಇನ್ನೊಂದು ಕ್ಷಣ ತಡಮಾಡಿದ್ದರೆ ಅಲ್ಲೇ ಅತ್ತುಬಿಡುತ್ತಿದ್ದಳು. ಕೈ ಎತ್ತಿದಳು.

ವಸ್ತ್ರ ಆಚೆ ಹೋಯಿತು, ಈಚೆ ಬಂತು, ನಿಂತಿತು. ಅವರು ಉಸಿರು ಎಳೆದುಕೊಂಡ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಮೊದಲ ಚರಣದಲ್ಲಿ ಸಭೆಯ ನಗು ನಿಂತಿತು. ಎರಡನೆಯ ಚರಣ ಮುಗಿದು ಆ ಹಾಳು ಜಾಗ ಬಂತು, ಎಲ್ಲರೂ ಒಟ್ಟಿಗೇ ನಿಂತು, ಒಟ್ಟಿಗೇ ಉಸಿರೆಳೆದು, ಒಟ್ಟಿಗೇ ಹೊರಟರು. ಒದ್ದೆ ವಸ್ತ್ರದಿಂದ ನೀರು ತೊಟ್ಟಿಕ್ಕಿ ದೊಡ್ಡಕ್ಕನ ಪಕ್ಕೆಯೆಲ್ಲ ತೋಯ್ದದ್ದು ಅವಳಿಗೆ ಗೊತ್ತೇ ಆಗಲಿಲ್ಲ.

ಹಾಡು ಮುಗಿಯಿತು. ಬೆನ್ನ ಹಿಂದೆ ಚಪ್ಪಾಳೆ ಎದ್ದಿತು, ನಿಲ್ಲುವ ಲಕ್ಷಣ ಕಾಣಲಿಲ್ಲ. ತಿರುಗಿ ಸಭಿಕರಿಗೆ ವಂದಿಸಬೇಕು ಎಂಬುದು ದೊಡ್ಡಕ್ಕನಿಗೆ ನೆನಪೇ ಆಗಲಿಲ್ಲ. ಎರಡೂ ಕೈ ಮೇಲೆತ್ತಿಕೊಂಡು ತನ್ನವರ ಮುಖಗಳನ್ನೇ ನೋಡುತ್ತಾ ನಿಂತಿದ್ದಳು.

“ಅಕ್ಕಾ,” ಎಂದರು ಇಸ್ತ್ರಿ ಮಾವ ಹಲ್ಲಿನ ಸಂದಿಯಿಂದ, “ಕೈ ಇಳಿಸಿ. ಇಲ್ದಿದ್ರೆ ಇವರೆಲ್ಲ ಮತ್ತೆ ಹಾಡು ಶುರು ಮಾಡಿಬಿಡ್ತಾರೆ.”

“ಮಾಡ್ಲಿ ಬಿಡಿ, ಮಾವ,” ಎಂದಳು ದೊಡ್ಡಕ್ಕ.